ಕಲ್ಲು, ಲಿಥಿಯಂ, ಅಂತರ್ಜಲ: ಒಂದೇ ಬಂಡೆಗೆ ಮೂರು ಲೆಕ್ಕ ಏಕೆ?

ಬೆಣಚುಕಲ್ಲು (ಮೈಸೂರು)

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಸುತ್ತ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಬಂದಾಗ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಆ ಭಾಗದ ಜಮೀನಿನ ಬೆಲೆ ಒಂದೇ ಬೆಳಿಗ್ಗೆಗೆ ದುಪ್ಪಟ್ಟಾಗಿತ್ತು. ಆಗ ಪತ್ರಿಕೆಗಳಲ್ಲಿ ಅಚ್ಚಾದ ಅಂದಾಜು 14,100 ಟನ್. ಮರುವರ್ಷ, ಅಂದರೆ 2021ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರವು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಶೋಧನೆಯ ಪ್ರಕಾರ ಅಲ್ಲಿರುವುದು 1,600 ಟನ್ ಎಂದು ತಿಳಿಸಿತು. ಮೊದಲಿನ ಸಂಖ್ಯೆ ಊರೂರಿಗೂ ತಲುಪಿತು. ಎರಡನೆಯದನ್ನು ಕೇಳಿಸಿಕೊಂಡವರು ಕಡಿಮೆ.

1,600 ಟನ್ ಎಂದರೆ ಎಷ್ಟು? ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನ ಗಣಿಗಳಿಂದ ಹೊರಬಂದ ಲಿಥಿಯಂ ಸುಮಾರು 1,80,000 ಟನ್. ದಿನಕ್ಕೆ ಹಂಚಿದರೆ 490 ಟನ್ನಿನಷ್ಟಾಗುತ್ತದೆ. ಮಂಡ್ಯದ ಈ ಒಟ್ಟು ನಿಕ್ಷೇಪ ಜಗತ್ತಿನ ಮೂರು ದಿನದ ದುಡಿಮೆಗಿಂತ ತುಸು ಹೆಚ್ಚು, ಅಷ್ಟೇ. ಅದೂ ಅಲ್ಲಿ ಲೋಹವಾಗಿ ಬಿದ್ದಿಲ್ಲ. ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯೊಳಗೆ, ಬೆಣಚುಕಲ್ಲು ಮತ್ತು ಕಾಗೆಬಂಗಾರದ ಜೊತೆಗೆ, ಸ್ಪೋಡುಮಿನ್ ಎಂಬ ಖನಿಜವಾಗಿ ಸೇರಿಕೊಂಡಿದೆ. ಶಿಲೆಯಲ್ಲಿ ಶೇ. 1ರಷ್ಟು ಲಿಥಿಯಂ ಆಕ್ಸೈಡ್ ಇದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಇಷ್ಟು ಲಿಥಿಯಂ ಪಡೆಯಲು ಸುಮಾರು ಮೂರೂವರೆ ಲಕ್ಷ ಟನ್ ಕಲ್ಲನ್ನು ಒಡೆದು, ಪುಡಿ ಮಾಡಿ, ನೀರಿನಲ್ಲಿ ಬೇರ್ಪಡಿಸಿ, ಬಳಿಕ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವಿನಲ್ಲಿ ಹುರಿದು ಗಂಧಕಾಮ್ಲಕ್ಕೆ ಒಡ್ಡಬೇಕಾಗುತ್ತದೆ.

ಈ ಚರ್ಚೆಯನ್ನು ಆರಂಭಿಸಿದ್ದು ಲಿಥಿಯಂ ಬೇಕೇ ಬೇಡವೇ ಎಂದು ಕೇಳಲು ಅಲ್ಲ. ಖನಿಜ, ಕಟ್ಟಡದ ಕಲ್ಲು, ಕೊಳವೆಬಾವಿಯ ನೀರು, ಈ ಮೂರೂ ನಮ್ಮ ಕಾಲ ಕೆಳಗಿನ ಮೊದಲ ನೂರು ಮೀಟರ್ ಶಿಲೆಯಲ್ಲೇ ಇವೆ. ಆದರೆ ಒಂದನ್ನು ಅಳೆಯುವವರಿಗೆ ಇನ್ನೊಂದರ ಕಡತ ಕಾಣುವುದಿಲ್ಲ. ಕಲ್ಲು ತೆಗೆಯಲು ಅನುಮತಿ ಕೇಳಿದಾಗ ಆ ಕಲ್ಲಿನ ಸುತ್ತಲಿನ ನೀರಿನ ನಕ್ಷೆಯನ್ನು ಅದೇ ಮೇಜಿನ ಮೇಲೆ ಹರಡಬೇಕು ಎಂಬುದು ನನ್ನ ವಾದ. ತಿಳಿದವರು ತಿದ್ದಿ, ಸೇರಿಸಿ.

ಸೈಜುಗಲ್ಲು (ನಂಜನಗೂಡು)

ನಾನು ಮೂವತ್ತು ವರ್ಷದಿಂದ ಕಲ್ಲಿನ ವ್ಯಾಪಾರದಲ್ಲಿರುವವನು. ತಮ್ಮ ವಾದದ ಅರ್ಧ ಭಾಗಕ್ಕೆ ನನ್ನ ಒಪ್ಪಿಗೆಯಿದೆ, ಇನ್ನರ್ಧಕ್ಕೆ ತಕರಾರಿದೆ.

ಚಪ್ಪಡಿಗೆ, ಕಂಬಕ್ಕೆ, ವಿಗ್ರಹಕ್ಕೆ ನಾವು ಹುಡುಕುವುದು ಬಿರುಕಿಲ್ಲದ ಬಂಡೆಯನ್ನು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಟೊಳ್ಳು ಸದ್ದು ಬಂದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇವೆ. ಬಿರುಕಿಲ್ಲದ ಬಂಡೆಯಲ್ಲಿ ನೀರು ನಿಲ್ಲುವುದು ಹೇಗೆ? ಕಲ್ಲಿಗೆ ಒಳ್ಳೆಯ ಜಾಗ ನೀರಿಗೆ ಕೆಟ್ಟ ಜಾಗ. ನಮ್ಮ ಕಸುಬು ಅಂತರ್ಜಲವನ್ನು ನುಂಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳುವುದು ಸರಿಯಲ್ಲ. ಅಯೋಧ್ಯೆಯ ಬಾಲರಾಮನ ವಿಗ್ರಹಕ್ಕೆ ಮೈಸೂರು ತಾಲ್ಲೂಕಿನ ಜಯಪುರ ಹೋಬಳಿಯ ಗುಜ್ಜೇಗೌಡನಪುರದ ಕೃಷ್ಣಶಿಲೆ ಹೋದದ್ದು ಎಲ್ಲರಿಗೂ ತಿಳಿದೇ ಇದೆ. ಅದು ಒಂದು ಕಲ್ಲು. ಜಲ್ಲಿಯ ಕಥೆ ಬೇರೆ. ಕ್ರಷರಿಗೆ ಬಿರುಕಿದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಬೆಟ್ಟದ ತಲೆಯಿಂದ ಬುಡದವರೆಗೆ, ಬುಡದಿಂದ ಇನ್ನೂ ಕೆಳಕ್ಕೆ, ಸಿಕ್ಕಿದ್ದೆಲ್ಲ ಅದಕ್ಕೆ ಮೇವು.

ನಾಲೆಬಯಲು (ಮಂಡ್ಯ)

ನಾವು ವಿಶ್ವೇಶ್ವರಯ್ಯ ನಾಲೆಯ ಕೆಳಗಿನವರು. ನಮಗೆ ನೀರಿನ ಕೊರತೆಗಿಂತ ನೀರು ನಿಂತು ಗದ್ದೆ ಸವಳಾಗುವ ಚಿಂತೆಯೇ ದೊಡ್ಡದು ಎಂದು ನಗುತ್ತಿದ್ದೆವು. ಆದರೆ ನನ್ನ ತವರು ನಾಗಮಂಗಲದ ಕಡೆ. ಅಣ್ಣ ಮೂರು ಕೊಳವೆಬಾವಿ ಕೊರೆಸಿದ. ಮೊದಲನೆಯದರಲ್ಲಿ 180 ಅಡಿಗೆ ಒಂದೂವರೆ ಇಂಚು ನೀರು ಬಂದು ನಾಲ್ಕು ವರ್ಷ ನಡೆಯಿತು. ಎರಡನೆಯದು 420 ಅಡಿ, ಎರಡು ಬೇಸಿಗೆ. ಮೂರನೆಯದಕ್ಕೆ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿ ಪಾಯಿಂಟ್ ಮಾಡಿಸಿ, ಸಾಲ ಮಾಡಿ, 940 ಅಡಿಗೆ ಇಳಿಸಿದರೂ ಬಂದದ್ದು ಬಿಳಿಯ ಧೂಳು ಮಾತ್ರ. ಲಾರಿಯವರು "ಇನ್ನೂ ನೂರು ಅಡಿ ಹೋಗೋಣ ಗೌಡ್ರೇ" ಎಂದು ಪ್ರತಿ ನೂರು ಅಡಿಗೂ ಹೇಳುತ್ತಿದ್ದರಂತೆ.

ನನ್ನ ಪ್ರಶ್ನೆ ಇಷ್ಟು: ಆಳಕ್ಕೆ ಹೋದಷ್ಟೂ ನೀರಿನ ಸಾಧ್ಯತೆ ಹೆಚ್ಚುತ್ತದೆಯೇ? ಇಲ್ಲವೆಂದಾದರೆ ಅದನ್ನು ರೈತರಿಗೆ ಹೇಳುವವರು ಯಾರು?

ತೂಬು (ಪಾಂಡವಪುರ, ಭೂವಿಜ್ಞಾನದ ನಿವೃತ್ತ ಉಪನ್ಯಾಸಕ)

ಮಂಡ್ಯದ ಸೋದರಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಹೈದರಾಬಾದಿನ ಬಳಿಯ ಮಹೇಶ್ವರಂ ಎಂಬಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ವರ್ಷಗಟ್ಟಲೆ ಬಾವಿಗಳನ್ನು ಪರೀಕ್ಷಿಸಿ 2006ರಲ್ಲಿ ಗ್ರಾನೈಟ್ ನೆಲದ ನೀರಿನ ಒಂದು ಚಿತ್ರವನ್ನು ಪ್ರಕಟಿಸಿದರು. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಮೇಲೆ ಮಣ್ಣು, ಅದರ ಕೆಳಗೆ ಬಂಡೆಯೇ ಕೊಳೆತು ಸಡಿಲವಾದ ಗರಸಿನ ಪದರ, ಅದರ ಕೆಳಗೆ ಅಡ್ಡ ಬಿರುಕುಗಳು ಒತ್ತೊತ್ತಾಗಿರುವ ಪದರ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಗರಸು ನೀರನ್ನು ಹಿಡಿದಿಡುವ ಸ್ಪಂಜು, ಬಿರುಕಿನ ಪದರ ಅದನ್ನು ಬಾವಿಗೆ ತಲುಪಿಸುವ ಕೊಳವೆ. ಈ ಬಿರುಕುಗಳಲ್ಲಿ ಹೆಚ್ಚಿನವು ಭೂಮಿ ಅದುರಿ ಉಂಟಾದವಲ್ಲ. ಮೇಲಿನಿಂದ ಇಳಿದ ನೀರು ಕಾಗೆಬಂಗಾರದಂತಹ ಖನಿಜವನ್ನು ಊದಿಸಿ, ಆ ಒತ್ತಡಕ್ಕೆ ಬಂಡೆ ಪದರಪದರವಾಗಿ ಸೀಳಿದ್ದರಿಂದ ಆದವು. ಮೇಲಿನಿಂದ ಆರಂಭವಾದ ಕೊಳೆತ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಬಿರುಕೂ ವಿರಳವಾಗುತ್ತದೆ. ಸಾಮಾನ್ಯವಾಗಿ ಅದು ಕೆಲವು ಹತ್ತು ಮೀಟರುಗಳ ಮಾತು. 940 ಅಡಿಯಲ್ಲಿ ನೀರು ಸಿಗುವುದೇ ಇಲ್ಲ ಎನ್ನಲಾರೆ, ಆಳದ ಸೀಳುಗಳು ಅಲ್ಲಲ್ಲಿ ಇರುತ್ತವೆ. ಆದರೆ ಅಡಿ ಹೆಚ್ಚಿದಂತೆ ಅದೃಷ್ಟ ಹೆಚ್ಚುವುದಿಲ್ಲ, ಬಿಲ್ ಮಾತ್ರ ಹೆಚ್ಚುತ್ತದೆ.

ಇನ್ನೊಂದು ಸಂಖ್ಯೆಯನ್ನು ನೆನಪಿಡಿ. ಇಂಥ ನೆಲ ಬಿಟ್ಟುಕೊಡುವ ನೀರು ಅದರ ಗಾತ್ರದ ಶೇ. 1ರಿಂದ 3ರಷ್ಟು ಮಾತ್ರ. ಶೇ. 2 ಎಂದು ಹಿಡಿದರೆ, ಮಳೆಯಲ್ಲಿ 50 ಮಿಲಿಮೀಟರ್ ನೀರು ಇಂಗಿದರೆ ಬಾವಿಯ ಮಟ್ಟ ಎರಡೂವರೆ ಮೀಟರ್ ಏರುತ್ತದೆ. ಅಷ್ಟೇ ನೀರನ್ನು ಎತ್ತಿದರೆ ಎರಡೂವರೆ ಮೀಟರ್ ಕುಸಿಯುತ್ತದೆ. ಒಂದು ಒಳ್ಳೆಯ ಮಳೆಗೆ ಬಾವಿ ತುಂಬಿ, ಒಂದೇ ಬೇಸಿಗೆಗೆ ತಳ ಕಾಣುವುದಕ್ಕೆ ಕಾರಣ ಇದೇ.

ಈಗ ಕಲ್ಲಿನವರ ಮಾತಿಗೆ ಬರುತ್ತೇನೆ. ಬೋಳು ಬಂಡೆಯಲ್ಲಿ ನೀರಿಲ್ಲ ಎಂಬುದು ನಿಜ. ಆದರೆ ಬೋಳು ಬಂಡೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಜಾರಿ ಬುಡದ ಗರಸಿಗೆ ಇಳಿಯುತ್ತದೆ. ಬೆಟ್ಟದ ಬುಡದ ಊರುಗಳಲ್ಲಿ ಹಳೆಯ ಬಾವಿಗಳೂ ಕಟ್ಟೆಗಳೂ ಇರುವುದು ಅದಕ್ಕೇ. ಕಲ್ಲುಗಣಿಯ ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದ ಮೇಲೆ ಅಲ್ಲಿ ಕೆಲಸ ಮಾಡಲು ದಿನವೂ ಪಂಪು ಇಡಬೇಕು, ಆ ಪಂಪು ಸುತ್ತಲಿನ ಗರಸನ್ನು ಗುಂಡಿಯ ಕಡೆಗೆ ಬಸಿಯುತ್ತದೆ. ಹೀಗೆ ಸೈಜುಗಲ್ಲಿನ ಗಣಿ ಮತ್ತು ಜಲ್ಲಿಯ ಗಣಿಯ ನಡುವಿನ ವ್ಯತ್ಯಾಸಕ್ಕಿಂತ ಗುಂಡಿಯ ತಳ ಎಲ್ಲಿದೆ ಎಂಬುದೇ ಮುಖ್ಯ.

ಹಳೇ ಗಾರೆ (ಮೈಸೂರು)

ಚರ್ಚೆ ನನ್ನ ಮನೆಯಂಗಳಕ್ಕೇ ಬಂದಿದೆ. ತಂದೆಯ ಕಾಲದ ಸುಣ್ಣದ ಗಾರೆಯ ಮನೆಯನ್ನು ಉಳಿಸಿಕೊಂಡು ಹಿಂದೆ ಎರಡು ಕೋಣೆ ಕಟ್ಟಿಸುತ್ತಿದ್ದೇನೆ. ಹೊಳೆ ಮರಳು ಬೇಡವೆಂದು ಎಂ-ಸ್ಯಾಂಡ್, ಅಂದರೆ ಕಲ್ಲನ್ನು ಪುಡಿ ಮಾಡಿದ ಮರಳು, ತರಿಸಿ, ಹೊಳೆಯನ್ನು ಉಳಿಸಿದೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಹೊಳೆಯ ಬದಲು ಬೆಟ್ಟವನ್ನು ಮನೆಗೆ ತಂದಿದ್ದೇನೆ ಎಂದು ಈಗ ಅರಿವಾಗುತ್ತಿದೆ.

ಕಾಂಕ್ರೀಟಿನ ಗಾತ್ರದಲ್ಲಿ ಮುಕ್ಕಾಲು ಪಾಲಿನಷ್ಟು ಜಲ್ಲಿ ಮತ್ತು ಮರಳೇ ಇರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ. ತಲೆಗೆ ದಿನಕ್ಕೆ 17–18 ಕಿಲೋ. ಬೆಣಚುಕಲ್ಲು ಅವರು ಹೇಳಿದ ಮೂರೂವರೆ ಲಕ್ಷ ಟನ್ ಲಿಥಿಯಂ ಅದಿರು ಇದರ ಮುಂದೆ ಚಿಲ್ಲರೆ. ಪತ್ರಿಕೆಯ ತಲೆಬರಹಕ್ಕೆ ಬರುವುದು ಲಿಥಿಯಂ, ನೆಲವನ್ನು ನಿಜವಾಗಿ ಅಗೆಯುವುದು ಮನೆ ಮತ್ತು ರಸ್ತೆ.

ಎಂಜಿನಿಯರ್ ಮಿತ್ರರೊಬ್ಬರು ತೋರಿಸಿದ ಒಂದು ವಿಷಯ ಉಪಯುಕ್ತವಾಗಬಹುದು. ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯು ಕೆಡವಿದ ಕಾಂಕ್ರೀಟಿನಿಂದ ಮಾಡಿದ ಜಲ್ಲಿಯನ್ನು ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಎಂ25 ಮತ್ತು ಅದಕ್ಕಿಂತ ಕೆಳದರ್ಜೆಯ ಕಬ್ಬಿಣದ ಕಾಂಕ್ರೀಟಿನಲ್ಲಿ ಶೇ. 20ರವರೆಗೆ ಬಳಸಲು ಒಪ್ಪುತ್ತದೆ. ನಮ್ಮ ಮೇಸ್ತ್ರಿಗೆ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, "ಸ್ವಾಮಿ, ಮನೆ ಕಟ್ಟೋದಾ, ಕೆಡವಿದ ಮನೆ ಕಟ್ಟೋದಾ?" ಎಂದು ಕೇಳಿದರು. ಜಲ್ಲಿ ಹೊಸದೇ ಬಂತು.

ನೇರಮಾತು (ಶ್ರೀರಂಗಪಟ್ಟಣ)

ಇಷ್ಟೆಲ್ಲ ಬರೆದರೂ ಕಲ್ಲುಗಣಿಗಳಿರುವ, ಪಾಂಡವಪುರದ ಕಡೆಯ ಬೇಬಿ ಬೆಟ್ಟದ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ? ಕನ್ನಂಬಾಡಿ ಕಟ್ಟೆಗೆ, ಅಂದರೆ ಕೃಷ್ಣರಾಜಸಾಗರಕ್ಕೆ, ಅಲ್ಲಿನ ಗಣಿಗಾರಿಕೆಯಿಂದ ಅಪಾಯವಿದೆಯೋ ಇಲ್ಲವೋ? ಇಷ್ಟು ದೂರದ ಸಿಡಿತಕ್ಕೆ ಅಣೆಕಟ್ಟು ಅದುರುತ್ತದೆ ಎಂಬುದು ನನಗೆ ನಂಬಲು ಕಷ್ಟ.

ತೂಬು (ಪಾಂಡವಪುರ)

ಎತ್ತದೇ ಇದ್ದದ್ದು ಭಯದಿಂದಲ್ಲ. ಆ ಹೆಸರು ಬಂದ ಕೂಡಲೇ ಮಾತೆಲ್ಲ ಕಂಪನದ ಕಡೆಗೇ ಹರಿದು, ನೀರಿನ ಮಾತು ನಿಂತುಹೋಗುತ್ತದೆ.

ತಿಳಿದಿರುವುದು ಇಷ್ಟು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಸಿಮೆಂಟಿನದಲ್ಲ. ಕಲ್ಲು ಮತ್ತು ಸುರ್ಕಿ ಗಾರೆಯ, ಅಂದರೆ ಸುಣ್ಣದ ಜೊತೆ ಇಟ್ಟಿಗೆಪುಡಿ ಬೆರೆಸಿದ ಗಾರೆಯ ಕಟ್ಟಡ. 124.80 ಅಡಿಗೆ ತುಂಬಿದಾಗ ಅದರಲ್ಲಿ 49.45 ಟಿಎಂಸಿ ನೀರು ನಿಲ್ಲುತ್ತದೆ. 2018ರಲ್ಲಿ ಭಾರಿ ಸದ್ದು ದಾಖಲಾದ ಮೇಲೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಆ ಭಾಗದ ಗಣಿಗಾರಿಕೆ ನಿಲ್ಲಿಸುವಂತೆ ಸಲಹೆ ನೀಡಿತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸದಂತೆ ಆದೇಶಿಸಿತು.

ಕಂಪನವನ್ನು ಅಳೆಯುವ ವಿಧಾನವೇನೂ ಗುಟ್ಟಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ ಸೂಕ್ಷ್ಮ ಮತ್ತು ಚಾರಿತ್ರಿಕ ಕಟ್ಟಡಗಳ ಬಳಿ ನೆಲದ ಕಣಗಳ ವೇಗವು, ಕಂಪನ ನಿಧಾನದ್ದಾಗಿದ್ದರೆ, ಸೆಕೆಂಡಿಗೆ 2 ಮಿಲಿಮೀಟರ್ ಮೀರಬಾರದು. ಸಾಮಾನ್ಯ ಮನೆಗಳಿಗೆ ಇದೇ ಮಿತಿ 5 ಮಿಲಿಮೀಟರ್. ಲೆಕ್ಕಕ್ಕೆ ಬರುವುದು ಎರಡೇ: ಸಿಡಿಯುವ ಜಾಗದಿಂದ ದೂರ, ಮತ್ತು ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕ. ದೂರ ಇಮ್ಮಡಿಯಾದರೆ ನಾಲ್ಕು ಪಟ್ಟು ಮದ್ದಿಗೂ ಸುಮಾರಾಗಿ ಅಷ್ಟೇ ಕಂಪನ. ಕುಳಿಗಳನ್ನು ಒಂದರ ಹಿಂದೊಂದರಂತೆ ಕ್ಷಣಾರ್ಧದ ಅಂತರದಲ್ಲಿ ಸಿಡಿಸುವವರಿಗೂ, ಎಲ್ಲವನ್ನೂ ಒಟ್ಟಿಗೆ ಹಾರಿಸುವವರಿಗೂ ಬಹಳ ವ್ಯತ್ಯಾಸವಿದೆ. ದೂರವೊಂದನ್ನೇ ನೋಡಿ ಭಯಪಡುವುದೂ ಸಲ್ಲ, ನಿಶ್ಚಿಂತರಾಗುವುದೂ ಸಲ್ಲ. ನೂರು ವರ್ಷದ ಗಾರೆಯ ಕಟ್ಟೆಯ ವಿಷಯದಲ್ಲಿ ಮೊದಲು ಅಧ್ಯಯನ, ಆಮೇಲೆ ಸಿಡಿತ ಎಂಬ ಕ್ರಮ ನನಗೆ ಸರಿಯೆನಿಸುತ್ತದೆ. ಆದರೆ ನಿಷೇಧ ತೆರವಾದರೂ ಆಗದಿದ್ದರೂ, ಬೆಟ್ಟದ ಬುಡದ ಬಾವಿಗಳ ಲೆಕ್ಕವನ್ನು ಆ ಅಧ್ಯಯನದಲ್ಲಿ ಸೇರಿಸಿ ಎಂದು ಯಾರೂ ಕೇಳುತ್ತಿಲ್ಲವಲ್ಲ ಎಂಬುದು ನನ್ನ ಕೊರಗು.

ನಾಲೆಬಯಲು (ಮಂಡ್ಯ)

ಮೇಷ್ಟ್ರೇ, ಉಪಗ್ರಹದಿಂದ ನೋಡಿದರೆ ದಕ್ಷಿಣ ಭಾರತದ ಅಂತರ್ಜಲ ಏರುತ್ತಿದೆ ಎಂದು ಓದಿದ ನೆನಪು. ಅಣ್ಣನ ಹೊಲದ ಕೆಳಗೆ ಮಾತ್ರ ಇಳಿಯುತ್ತಿದೆಯೇ?

ಬೆಣಚುಕಲ್ಲು (ಮೈಸೂರು)

ಇದಕ್ಕೆ ನಾನು ಉತ್ತರಿಸುತ್ತೇನೆ. ಈಚಿನ ಸಂಶೋಧನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು.

2002ರಲ್ಲಿ ಹಾರಿಬಿಟ್ಟ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಅತಿ ಸಣ್ಣ ಏರುಪೇರಿನಿಂದ ನೀರಿನ ತೂಕದ ಬದಲಾವಣೆಯನ್ನು ಅಂದಾಜು ಮಾಡುತ್ತಿದ್ದವು. ಅವುಗಳ ಮತ್ತು ಬಾವಿಗಳ ಮಾಹಿತಿಯನ್ನು ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಉತ್ತರ ಭಾರತದಲ್ಲಿ ಅಂತರ್ಜಲ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಕುಗ್ಗಿದೆ, ದಕ್ಷಿಣದಲ್ಲಿ 1–2 ಸೆಂಟಿಮೀಟರಿನಂತೆ ಹೆಚ್ಚಿದೆ ಎಂದಿತು. ನೀವು ಓದಿದ್ದು ಅದೇ ಇರಬೇಕು. 2019ರಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆ ಮತ್ತು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರು ಇದನ್ನು ಪ್ರಶ್ನಿಸಿದರು. ನೀರು ಏರುತ್ತಿದ್ದರೆ ರೈತರ ಬಾವಿಗಳು ಏಕೆ ಬತ್ತುತ್ತಿವೆ? ಅವರು ಕಂಡುಕೊಂಡ ಕಾರಣ ಸರಳ. ಬತ್ತಿದ ಬಾವಿಯಲ್ಲಿ ಅಳೆಯಲು ನೀರೇ ಇಲ್ಲದ್ದರಿಂದ ಅಲ್ಲಿ ಸಂಖ್ಯೆಯ ಜಾಗ ಖಾಲಿ ಉಳಿಯುತ್ತದೆ. ಖಾಲಿ ಜಾಗಗಳಿರುವ ಬಾವಿಯನ್ನು ವಿಶ್ಲೇಷಣೆಯಿಂದ ಬಿಡುತ್ತಾರೆ. ಉಳಿಯುವುದು ಬದುಕಿರುವ ಬಾವಿಗಳು ಮಾತ್ರ. ಪರೀಕ್ಷೆಗೆ ಬಾರದವರನ್ನು ಕೈಬಿಟ್ಟು ಶಾಲೆಯ ಫಲಿತಾಂಶವನ್ನು ನೂರಕ್ಕೆ ನೂರು ಮಾಡಿದ ಹಾಗೆ.

ಉಪಗ್ರಹದ ಕಣ್ಣಿಗೆ ಒಂದು ತಾಲ್ಲೂಕು ಬೇರೆಯಾಗಿ ಕಾಣುವುದೂ ಇಲ್ಲ. ನಾಲೆಯ ಕೆಳಗಿನ ನಿಮ್ಮ ಸವಳು ಗದ್ದೆ ಮತ್ತು ಅಣ್ಣನ ಧೂಳಿನ ಬಾವಿ ಎರಡೂ ಅದಕ್ಕೆ ಒಂದೇ ಚುಕ್ಕೆಯೊಳಗೆ.

ಕಬಿನಿ ದಂಡೆ (ಮೈಸೂರು)

ಹತ್ತಿರದ ಉದಾಹರಣೆ ಬೇಕಿದ್ದರೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಗೆ ಹೋಗಿಬನ್ನಿ. ಕಬಿನಿಯ ಕಣಿವೆಗೆ ಸೇರಿದ 84 ಚದರ ಕಿಲೋಮೀಟರ್ ಜಲಾನಯನ ಪ್ರದೇಶವಿದು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ವರ್ಷಗಳಿಂದ ಮಳೆ, ಮಣ್ಣಿನ ತೇವ, ಬೆಳೆ, ಬಾವಿ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತಿದ್ದಾರೆ. ಹೋಲಿಕೆಗೆ ಬಂಡೀಪುರದ ಕಾಡಿನೊಳಗೆ ಮೂಲೆಹೊಳೆಯಲ್ಲಿ ಇನ್ನೊಂದು ಸಣ್ಣ ಕಣಿವೆಯನ್ನೂ ಇಟ್ಟುಕೊಂಡಿದ್ದಾರೆ. ಕೊಳವೆಬಾವಿಗಳು ಹೆಚ್ಚಿದ ಮೇಲೆ ಬೇರಂಬಾಡಿಯಲ್ಲಿ ಅಂತರ್ಜಲದ ಮಟ್ಟವು ಹಳ್ಳದ ತಳಕ್ಕಿಂತ ಕೆಳಗಿಳಿದು ಹಳ್ಳಕ್ಕೂ ನೆಲದ ನೀರಿಗೂ ಸಂಬಂಧವೇ ಕಡಿದುಹೋಗಿದೆ. ಇನ್ನೂರಕ್ಕೂ ಹೆಚ್ಚು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎತ್ತಿದ ನೀರು ಗೊಬ್ಬರದೊಂದಿಗೆ ಮತ್ತೆ ಇಂಗಿ, ಮತ್ತೆ ಮೇಲೆ ಬಂದು, ಕೆಲವೆಡೆ ನೈಟ್ರೇಟ್ ಗಂಟುಕಟ್ಟಿರುವುದನ್ನು ತೋರಿಸಿದ್ದಾರೆ. ಕುಡಿಯುವ ನೀರಿಗೆ ನಮ್ಮಲ್ಲಿ ಒಪ್ಪಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಇನ್ನೊಂದು ಮಾತು. ಕಾವೇರಿಯ ಜಗಳದಲ್ಲಿ ನಾವು ಅಣೆಕಟ್ಟಿನ ಅಡಿಗಳನ್ನೇ ಎಣಿಸುತ್ತೇವೆ. ಆದರೆ 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಕಣಿವೆಯಲ್ಲಿರುವ 10 ಟಿಎಂಸಿ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡೇ ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು. ನೆಲದೊಳಗಿನ ನೀರು ನ್ಯಾಯಾಲಯದ ಲೆಕ್ಕಕ್ಕೆ ಬಂದಿದೆ, ಕಲ್ಲುಗಣಿಯ ಅರ್ಜಿಯ ಜೊತೆಗಿನ ಲೆಕ್ಕಕ್ಕೂ ಬರಲಿ.

ಸೈಜುಗಲ್ಲು (ನಂಜನಗೂಡು)

ಮೊದಲು ಬರೆದ ತಕರಾರಿನಲ್ಲಿ ಒಂದು ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಮೇಷ್ಟ್ರು ಬರೆದದ್ದನ್ನು ಓದಿದ ರಾತ್ರಿ ನೆನಪಾದದ್ದು ಚಾಮರಾಜನಗರದ ಕಡೆಯ ಕರಿಕಲ್ಲು. ನಾವು ಅದನ್ನು ಕಪ್ಪು ಗ್ರಾನೈಟ್ ಎಂದು ಮಾರುತ್ತೇವೆ, ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ: ನೆಲದೊಳಗೆ ನೆಟ್ಟಗೆ ನಿಂತ, ಮೈಲಿಗಟ್ಟಲೆ ಉದ್ದದ ಕರಿಯ ಗೋಡೆ. ನಮ್ಮ ತಾತ ಬಾವಿ ತೋಡಿಸುವಾಗ ಕರಿಕಲ್ಲಿನ ಪಟ್ಟೆಯ ಇಳಿಜಾರಿನ ಕಡೆ ಬೇಡ, ಮೇಲ್ಗಡೆಗೆ ತೋಡಿ ಎನ್ನುತ್ತಿದ್ದರು. ನೀರು ಗೋಡೆಗೆ ತಡೆದು ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಆ ಗೋಡೆಯನ್ನೇ ನಾವು ಎಂಬತ್ತು ಅಡಿ ಆಳಕ್ಕೆ ಕತ್ತರಿಸಿ ತೆಗೆದ ಜಾಗಗಳಿವೆ. ತಡೆದು ನಿಂತಿದ್ದ ನೀರು ಎಲ್ಲಿಗೆ ಹೋಯಿತೆಂದು ನಾನು ಈವರೆಗೆ ಕೇಳಿಕೊಂಡಿರಲಿಲ್ಲ.

ತೂಬು (ಪಾಂಡವಪುರ)

ತಾತನವರು ಹೇಳಿದ್ದು ಸರಿ. ಎಲ್ಲ ಡೈಕೂ ತಡೆಗೋಡೆಯಲ್ಲ. ಕೆಲವದರ ಅಂಚಿನಲ್ಲಿ ಒಡೆದ ಕಲ್ಲಿನ ಪಟ್ಟಿಯಿದ್ದು ಅದೇ ನೀರಿನ ದಾರಿಯಾಗುತ್ತದೆ. ಯಾವುದು ಯಾವ ಬಗೆ ಎಂದು ತಿಳಿಯಲು ಗೋಡೆಯ ಎರಡೂ ಬದಿಯ ಬಾವಿಗಳ ಮಟ್ಟವನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಅಳೆದರೆ ಸಾಕು. ಅದಕ್ಕೆ ಉಪಗ್ರಹ ಬೇಕಿಲ್ಲ, ಗಂಟು ಹಾಕಿದ ಹಗ್ಗ ಸಾಕು. ಇಲ್ಲಿರುವವರು ತಮ್ಮ ಬಾವಿಗಳ ಮಟ್ಟವನ್ನು, ಹತ್ತಿರದಲ್ಲಿ ಕಲ್ಲುಗಣಿಯಿದ್ದರೆ ಅದರ ದೂರ ಮತ್ತು ಗುಂಡಿಯ ಆಳವನ್ನು ಬರೆಯುವುದಾದರೆ ನಾನು ಪಟ್ಟಿ ಮಾಡಿ ನಕ್ಷೆಯಲ್ಲಿ ಗುರುತಿಸುತ್ತೇನೆ.

ನಾಲೆಬಯಲು (ಮಂಡ್ಯ)

ಅಣ್ಣನಿಗೆ ಫೋನ್ ಮಾಡಿ ಅಳೆಸಿದೆ. ಹಳೆಯ ತೆರೆದ ಬಾವಿ: ನೀರು 46 ಅಡಿಗೆ ಇದೆ. ಮೊದಲನೆಯ ಕೊಳವೆಬಾವಿ: 151 ಅಡಿ, ಪಂಪು ಎತ್ತುವುದಿಲ್ಲ. ಎರಡನೆಯದು: ಕೇಸಿಂಗ್ ಪೈಪಿನೊಳಗೆ ಕಲ್ಲು ಬಿದ್ದಿದೆ, ಹಗ್ಗ ಇಳಿಯಲಿಲ್ಲ. ಕಲ್ಲುಗಣಿ ಒಂದೂವರೆ ಕಿಲೋಮೀಟರ್ ದೂರದಲ್ಲಿದೆ, ಗುಂಡಿಯ ಆಳವನ್ನು ಹೇಳುವವರಿಲ್ಲ. ಮೂರನೆಯದು, 940 ಅಡಿಯದು: ಒಣ. ಅದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ ಮೇಷ್ಟ್ರೇ.